ಅವ್ವನ ವಾಕರ್ ಮೇಲೊಂದು ಹನಿ

ಬಸವಂತ ಇಳಕಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ದ್ರವ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಮನೆಯಲ್ಲಿ ಅದು ಯಾರ ತಲೆಗೂ ಹೋಗುತ್ತಿರಲಿಲ್ಲ. ಅವ್ವ ಶೇಖವ್ವ ಮಾತ್ರ, "ನೀ ಅಲ್ಲಿ ದಿನಾ ಏನ್ ಮಾಡ್ತೀಯೋ?" ಎಂದು ಬಿಡದೆ ಕೇಳುತ್ತಿದ್ದಳು. ಒಂದು ಭಾನುವಾರ ಅವನು ಗ್ಯಾಲಿಯಂ ಎಂಬ ಲೋಹವನ್ನು ಚಿಟಿಕೆಯಷ್ಟು ತಂದು ಅವಳ ಅಂಗೈಯಲ್ಲಿಟ್ಟ. ಮೈಬಿಸಿಗೇ ಅದು ಕರಗಿ ಬೆಳ್ಳಿಯ ನೀರಾಯಿತು. "ಅಯ್ಯ ಶಿವನ!" ಎಂದು ಅವ್ವ ಬೆಚ್ಚಿ ಕೈ ಜಾಡಿಸಿದಳು. ಒಂದು ಹನಿ ಹೋಗಿ ಅವಳು ಹಿಡಿದು ನಡೆಯುವ ವಾಕರಿನ ಕಾಲಿಗೆ ಅಂಟಿತು.

ವಾಕರ್ ಅಲ್ಯುಮಿನಿಯಂನದು. ಆ ಲೋಹದ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಇರುತ್ತದೆ. ಅದಿರುವ ತನಕ ಗ್ಯಾಲಿಯಂನ ಆಟ ನಡೆಯುವುದಿಲ್ಲ. ಬಟ್ಟೆಯಿಂದ ಮೆಲ್ಲಗೆ ಒರೆಸಿದ್ದರೆ ಮುಗಿಯುತ್ತಿತ್ತು. ನಮ್ಮ ಪಂಡಿತ ಅವಸರಕ್ಕೆ ಬಿದ್ದು ಗಾಡಿಯ ಕೀಲಿಯಿಂದ ಕೆರೆದ. ಪೊರೆ ಹರಿಯಿತು. ಗೋಡೆಯ ಬಿರುಕಿಗೆ ನೀರು ಇಳಿದಂತೆ ಹನಿ ಲೋಹದ ಕಣಗಳ ಸಂದಿಗೆ ಇಳಿಯತೊಡಗಿತು. ಹೊಳಪು ಮಾಸಿದ್ದು ಅವನ ಕಣ್ಣಿಗೂ ಬಿತ್ತು. ಮುಂದೇನಾಗುತ್ತದೆ ಎಂಬುದು ಊರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೇ. ಆದರೂ 'ಇಷ್ಟರಿಂದ ಏನಾದೀತು' ಎಂದು ಊಟಕ್ಕೆ ಎದ್ದ.

ಮರುದಿನ ಬೆಳಿಗ್ಗೆ ವಾಕರಿನ ಕಾಲು ಹಪ್ಪಳದಂತೆ ಮುರಿದು ಅವ್ವ ಬಿದ್ದಳು. ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿಕೊಡುತ್ತಿದ್ದ ಬಲಗೈಗೆ ಪ್ಲಾಸ್ಟರ್ ಬಂತು.

ಬಾಗಲಕೋಟೆಯಿಂದ ಆ ವಾಕರ್ ತಂದವಳು ಬಸವಂತನ ಹೆಂಡತಿ ಪ್ರೀತಿ. "ಸೋವಿ ಸಿಕ್ಕಿತಂತ ಎಂಥಾ ಮಾಲು ತಂದೆವ್ವಾ, ನನ್ನ ಕೈ ಕಳದಿ!" ಎಂದು ಅವ್ವ ನೋವಿನಲ್ಲಿ ಬೈದಳು.

"ಚೊಲೋದ ನೋಡಿ ತಂದಿದ್ನಿರಿ ಅತ್ತಿ," ಎಂದು ಪ್ರೀತಿ ಅತ್ತಳು.

ನೋಡಲು ಬಂದವರ ಮುಂದೆಲ್ಲ ಅವ್ವನದು ಅದೇ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ವಾಕರಿನ ಸುದ್ದಿ ಎದ್ದರೆ ಬಸವಂತನೂ ಎದ್ದು ಹೊರಗೆ ಹೋಗುತ್ತಿದ್ದ. ಹೆಂಡತಿಯ ಮುಖ ನೋಡಲು ನಾಚಿಕೆ, ಬಾಯಿ ಬಿಡಲು ಹೆದರಿಕೆ. ತಾನೆಂಥ ಹೇಡಿ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಂದು ಸಂಜೆ ಪ್ರೀತಿ ಹೊಸ ವಾಕರ್ ತರಲು ಚಪ್ಪಲಿ ಮೆಟ್ಟಿದಳು. "ಈ ಸಲ ನೀವೂ ಬರ್ರಿ. ನಿಮಗ ಲೋಹ ತಿಳಿತೈತಿ. ನನ್ನ ಮ್ಯಾಲ ನನಗ ನಂಬಿಕಿ ಉಳದಿಲ್ಲ."

ಇನ್ನು ಅವನಿಗೆ ತಡೆಯಲಾಗಲಿಲ್ಲ. ಅಲ್ಲೇ, ಅವ್ವನ ಮುಂದೆ, ಹನಿ ಬಿದ್ದದ್ದು, ಕೀಲಿಯಿಂದ ಕೆರೆದದ್ದು, ಕಂಡೂ ಸುಮ್ಮನಿದ್ದದ್ದು, ಎಲ್ಲ ಹೇಳಿಬಿಟ್ಟ.

ಪ್ರೀತಿ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅವ್ವ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ಮುರಿದ ಕೈ ಕೂಡ್ತೈತಿ ಬಿಡು," ಎಂದಳು. "ಎಲ್ಲಾ ಗೊತ್ತಿದ್ದೂ, ಇಷ್ಟು ದಿನಾ ನನ್ನ ಬಾಯಿಲೆ ಆ ಹುಡುಗಿನ್ನ ಬೈಸಿದೆಲ್ಲೋ ಬಸವಂತಾ. ಆಕಿ ಮುಂದ ನಾ ಈಗ ಯಾವ ಮಾರಿ ಇಟ್ಕೊಂಡು ಕುಂದರ್ಲಿ?"