ನೆಲದಜ್ಜ ನಕ್ಕ ಪ್ರಶ್ನೆ

ನಾನು ಕಾಲೇಜಿನಲ್ಲಿ ಧರ್ಮಗಳ ಅಧ್ಯಯನ ಕಲಿಸುತ್ತೇನೆ. ಅದರಿಂದ ಊರಿಗೇನು ಉಪಯೋಗ ಎಂದು ಅಣ್ಣ ಪ್ರತಿ ಹೊಸವರ್ಷದ ಊಟದಲ್ಲೂ ಕೆಣಕುತ್ತಾನೆ. ಈ ಸಲ ಕೆಣಕಲಿಲ್ಲ.

ದಕ್ಷಿಣ ತೈವಾನಿನ ನಮ್ಮ ಪಟ್ಟಣದಲ್ಲಿ ರಸ್ತೆ ಅಗಲ ಮಾಡಲು, ಬೀದಿ ಕಾಯುವ ದೇವರಾದ ನೆಲದಜ್ಜನ ಮೂಲೆಯ ಗುಡಿ ತೆಗೆಯಬೇಕಿತ್ತು. ದೇವರನ್ನು ಕೇಳದೆ ಗುಡಿಯ ಇಟ್ಟಿಗೆ ಮುಟ್ಟುವ ಎದೆ ಇಲ್ಲಿ ಯಾವ ಮೇಯರ್‌ಗೂ ಇಲ್ಲ. ಹಾಗಾಗಿ ಪಾಲಿಕೆಯ ಇಂಜಿನಿಯರ್ ಜುವಾಂಗ್ ಬಂದು, ಜಾಗ ಬಿಡುತ್ತೀಯಾ ಎಂದು ಕೇಳಿ, ಮರದ ಜೋಡಿ ಬಿಲ್ಲೆ ಎಸೆದ. ಒಂದು ಅಂಗಾತ, ಒಂದು ಕವುಚಿ ಬಿದ್ದರೆ ಒಪ್ಪಿಗೆ. ಎರಡೂ ಕವುಚಿದರೆ ಇಲ್ಲ. ಎಷ್ಟು ಸಲ ಎಸೆದರೂ ಎರಡೂ ಅಂಗಾತವೇ ಬಿದ್ದವು. ಅಂದರೆ ಅಜ್ಜ ನಗುತ್ತಿದ್ದ.

ಖುಷಿಯಾಗಿದ್ದಾನೆ, ಒಪ್ಪಿದ ಹಾಗೇ ಲೆಕ್ಕ ಎಂದ ಜುವಾಂಗ್. ಗುಡಿ ನೋಡಿಕೊಳ್ಳುವ ಸಿಯೋಕ್ ಅತ್ತೆ, ಅದು ಬಿಲ್‌ಕುಲ್ ಇಲ್ಲ ಎಂದಂತೆ ಎಂದು ಹಟ ಹಿಡಿದಳು. ಅವಳ ಭಯ ನನಗೆ ಅರ್ಥವಾಗುತ್ತಿತ್ತು. ಪಕ್ಕದ ಬೀದಿಯ ದೇವರನ್ನು ಸದ್ಯಕ್ಕೆ ಎಂದು ಗೋದಾಮಿಗೆ ಒಯ್ದ ಪಾಲಿಕೆಯವರು ಇನ್ನೂ ಹೊರಗೆ ತಂದಿರಲಿಲ್ಲ. ನಗುವಿನ ನಿಜವಾದ ಅರ್ಥ ಇಬ್ಬರಿಗೂ ಗೊತ್ತಿತ್ತು, ಆದರೂ ತಮಗೆ ಬೇಕಾದ ಅರ್ಥ ಹಚ್ಚಿದ್ದರು ಅಷ್ಟೇ. ಕೊನೆಗೆ ಗುಡಿಯ ಅಂಗಳದಲ್ಲಿ ಸಾರ್ವಜನಿಕ ಸಭೆ ಕರೆದು, ಧರ್ಮ ಕಲಿಸುವವಳೆಂದು ಮೈಕನ್ನು ನನ್ನ ಕೈಗೆ ಕೊಟ್ಟರು.

"ನಗು ಅಂದ್ರೆ ಹೂಂ ಅಲ್ಲ, ಉಹೂಂನೂ ಅಲ್ಲ. ಪ್ರಶ್ನೆ ಅರ್ಧ ಅಂತ," ಎಂದೆ. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕೇಳಿದ್ರೆ ಅಜ್ಜ ನಗದೆ ಏನ್ಮಾಡ್ತಾನೆ? ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಯಾವಾಗ, ಅದನ್ನ ಹೇಳಿ ಕೇಳಿ."

ಜುವಾಂಗನ ಮುಖ ಬಿಳಿಚಿತು. ಜಾಗವನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಬೀದಿಗೆ ಬೀದಿಯೇ ನೋಡುತ್ತಿತ್ತು. ಅವನು ಆಲದ ಮರದ ಹಿಂದೆ ಹೋಗಿ ಮೇಲಧಿಕಾರಿಗೆ ಫೋನು ಮಾಡಿ ಬಹಳ ಹೊತ್ತು ಗೋಗರೆದ. ಮರಳಿ ಬಂದು ಮಂಡಿಯೂರಿ, ಪಾರ್ಕಿನ ಮೂಲೆಯಲ್ಲಿ ಹೊಸ ಗುಡಿ ಏಳುವವರೆಗೆ ಹಳೆಯದನ್ನು ಮುಟ್ಟುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ ಬಿಲ್ಲೆ ಎಸೆದ. ಸತತ ಮೂರು ಸಲ ಒಪ್ಪಿಗೆ ಬಿದ್ದರೆ ಮಾತು ಖಾಯಂ.

ಒಪ್ಪಿಗೆ. ಮತ್ತೊಮ್ಮೆ ಒಪ್ಪಿಗೆ. ಮೂರನೆಯದಕ್ಕೆ ಸಿಯೋಕ್ ಅತ್ತೆ ನನ್ನ ತೋಳು ಹಿಂಡಿದಳು. ಒಪ್ಪಿಗೆ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಬೇಸಿಗೆಗೆ ಮುಂಚೆಯೇ ಗುಡಿ ಎದ್ದಿತು. ನಮ್ಮ ಪಾಲಿಕೆಯ ಯಾವ ಕೆಲಸವೂ ಅಷ್ಟು ಬೇಗ ಮುಗಿದದ್ದಿಲ್ಲ. ಪ್ರವೇಶದ ದಿನ ಜುವಾಂಗ್ ಕಿತ್ತಳೆ ಹಣ್ಣು ತಂದಿದ್ದ. ಅದು ಹೇಗಪ್ಪಾ ಸಾಧ್ಯವಾಯಿತು ಎಂದು ಕೇಳಿದೆ.

"ಜನಕ್ಕೆ ಕೊಟ್ಟ ಮಾತು ಫೈಲಲ್ಲಿ ಕೂತ್ಕೊಳ್ಳುತ್ತೆ, ಮೇಡಂ," ಎಂದ ಅವನು, ಹಣ್ಣು ಜೋಡಿಸುತ್ತಾ. "ಅಜ್ಜನಿಗೆ ಕೊಟ್ಟಿದ್ದು ನಮ್ಮ ಸಾಹೇಬ್ರಿಗೂ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ."

ದೇವರು ಇನ್ನೂ ಗೋದಾಮಿನಲ್ಲೇ ಇದ್ದ ಪಕ್ಕದ ಬೀದಿಯವರನ್ನು ಸಿಯೋಕ್ ಅತ್ತೆ ಆಗಲೇ ಕರೆತಂದು ಅವನ ಹಿಂದೆ ನಿಲ್ಲಿಸಿದ್ದಳು. ಬಿಲ್ಲೆಗಳು ಅವಳ ಕೈಯಲ್ಲೇ ಇದ್ದವು.