ವಾಪಸ್ ಬೇಡದ ಡಬ್ಬಿ

ನಾನು ಮಾಡಿದ ಹುಳಿ ಕಸದ ಬಕೆಟ್ಟಿನಲ್ಲಿ ಬಿದ್ದಿತ್ತು ಕಣ್ರೀ, ಡಬ್ಬಿ ಸಮೇತ! ಬೆಳಿಗ್ಗೆ ಕಸದ ಗಾಡಿ ಬಂತು ಅಂತ ಮೆಟ್ಟಿಲ ಕೆಳಗಿನ ಬಕೆಟ್ ಎತ್ತಿದರೆ ಮೇಲೇ ಕಾಣ್ತು. ಹಿಂದಿನ ದಿನ ಮಹಡಿ ಮನೆ ಬಾಡಿಗೆ ಹುಡುಗಿ ಲಾಸ್ಯಳಿಗೆ ಕೊಟ್ಟಿದ್ದ ನುಗ್ಗೆಕಾಯಿ ಹುಳಿ. ಒಂದು ತುತ್ತೂ ಮುಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು.

ಚಾಮರಾಜಪುರಂನ ಈ ಮನೇಲಿ ಕೆಳಗೆ ನಾನೊಬ್ಬಳೇ. ನಮ್ಮೆಜಮಾನರು ಸದಾಶಿವಯ್ಯ ಹೋದಮೇಲೂ ಒಬ್ಬಳಿಗೆ ಅಂತ ಅಡುಗೆ ಮಾಡೋದು ಬರಲೇ ಇಲ್ಲ, ಕೈ ಇಬ್ಬರ ಅಳತೆಗೇ ಹೋಗುತ್ತೆ. ಮಿಕ್ಕಿದ್ದನ್ನ ಸ್ವೀಟ್ ಅಂಗಡಿಯ ತೆಳು ಪ್ಲಾಸ್ಟಿಕ್ ಡಬ್ಬಿಗೆ ಬಿಸಿಬಿಸಿಯಾಗಿ ಸುರಿದು, ಅವಳ ಬಾಗಿಲಲ್ಲಿಟ್ಟು, "ಡಬ್ಬಿ ವಾಪಸ್ ಬೇಡಮ್ಮ" ಅಂತ ಕೂಗಿ ಇಳಿದುಬಿಡ್ತಿದ್ದೆ. ನಮ್ಮ ಕಡೆ ತಿಂಡಿ ಬಂದ ಪಾತ್ರೆನ ಯಾರೂ ಖಾಲಿ ಹಿಂದಿರುಗಿಸಲ್ಲ. ಕೆಲಸಕ್ಕೆ ಓಡೋ ಹುಡುಗಿಗೆ ಅದೊಂದು ತಲೆನೋವು ಯಾಕೆ ಅಂತ ನನ್ನ ಲೆಕ್ಕಾಚಾರ. ಆದರೂ ಅವಳು ಒಂದ್ಸಲ ಇಳಿದು ಬಂದು ಚೆನ್ನಾಗಿತ್ತು ಅನ್ನಲಿ ಅಂತ ಕಾಯ್ತಿದ್ದೆ. ಸುಳ್ಯಾಕೆ ಹೇಳಲಿ, ಅಡುಗೆ ಮಾಡ್ತಿದ್ದದ್ದೇ ಅದಕ್ಕೆ.

ಮಂಡಿ ನೋವು ಲೆಕ್ಕಿಸದೆ ಮೆಟ್ಟಿಲು ಹತ್ತಿ, ಆ ಡಬ್ಬಿನ ಅವಳ ಮುಂದೆ ಹಿಡಿದೆ. ಹುಡುಗಿ ಮುಖ ಸಣ್ಣಗಾಯ್ತು. ಅವಳು ಕೆಲಸ ಮಾಡೋ ಲ್ಯಾಬಲ್ಲಿ ಊಟದ ಪ್ಲಾಸ್ಟಿಕ್ಕನ್ನೇ ಪರೀಕ್ಷೆ ಮಾಡ್ತಾರಂತೆ. ಯಾವ ಪ್ಲಾಸ್ಟಿಕ್ಕಲ್ಲಿ ಏನು ಇಡಬಹುದು ಅನ್ನೋದಕ್ಕೆ ಕಾನೂನೇ ಇದೆಯಂತೆ. ಹುಳಿ ನೀರು, ಎಣ್ಣೆಯಂಥದ್ದು ಹಾಕಿಟ್ಟು, ಡಬ್ಬಿಯ ಪ್ಲಾಸ್ಟಿಕ್ ಅಂಶ ಅದರೊಳಗೆ ಎಷ್ಟು ಬಿಟ್ಟುಕೊಂಡಿತು ಅಂತ ಅಳೀತಾರಂತೆ. ಇದು ತಣ್ಣಗಿನ ಪೇಡಕ್ಕೆ ಮಾಡಿದ್ದು, ಕುದಿಯೋ ಹುಳಿಗಲ್ಲ ಅಂತ ಸೊಟ್ಟಗಾಗಿದ್ದ ತಳ ತೋರಿಸಿದಳು.

"ಎಷ್ಟು ದಿನದಿಂದ ಚೆಲ್ತಿದ್ದೀಯ?" ಅಂದೆ.

"ಮೊದಲಿಂದ್ಲೂ, ಆಂಟಿ. ನೀವು ನೊಂದ್ಕೋತೀರ ಅಂತ ಹೇಳ್ಲಿಲ್ಲ."

ಕೆಳಗೆ ಬಂದು ಒಲೆ ಮುಂದೆ ಕೂತು ಅತ್ತುಬಿಟ್ಟೆ. ಚೆಲ್ಲಿದ್ದಕ್ಕಲ್ಲ. ಡಬ್ಬಿ ವಾಪಸ್ ಬೇಡ, ಅಂದ್ರೆ ನನ್ನ ಬಾಗಿಲು ತಟ್ಟಬೇಡ ಅಂತ ದಿನಾ ಕೂಗಿ ಹೇಳಿದವಳು ನಾನೇ ಅಲ್ವಾ?

ಅಟ್ಟದಿಂದ ಸ್ಟೀಲ್ ಡಬ್ಬಿ ಇಳಿಸಿದೆ. ಮುಚ್ಚಳದ ಮೇಲೆ ನಮ್ಮಿಬ್ಬರ ಹೆಸರು, ಪ್ರೇಮಲೀಲಾ ಸದಾಶಿವಯ್ಯ ಅಂತ ಕೆತ್ತಿಸಿದ್ದು. ಸಾರು ತುಂಬಿಸಿ ಅವಳ ಬಾಗಿಲಲ್ಲಿಟ್ಟು, ಏನೂ ಕೂಗದೆ ಇಳಿದು ಬಂದೆ.

ಮಾರನೇ ದಿನ ಬೆಳಿಗ್ಗೆ ಬೆಲ್ ಆಯ್ತು. ಲಾಸ್ಯ ಡಬ್ಬಿ ತೊಳೆದು ತಂದಿದ್ದಳು, ಒಳಗೆ ಒಂದಿಷ್ಟು ಸಕ್ಕರೆ.

"ಖಾಲಿ ಕೊಡಬಾರದು ಅಂತ ಅಮ್ಮ ಫೋನಲ್ಲಿ ಹೇಳಿದ್ರು. ಮನೇಲಿ ಇದೇ ಇದ್ದದ್ದು. ಸಾರು ಚೆನ್ನಾಗಿತ್ತು, ಆಂಟಿ."

ಕೂತ್ಕೋ, ಕಾಫಿ ಮಾಡ್ತೀನಿ ಅಂದೆ. ಲೇಟಾಯ್ತು ಅಂತ ಗೇಟು ದಾಟಿ ಹೋಗೇಬಿಟ್ಟಳು.

ಡಾಕ್ಟರು ನನಗೆ ಸಕ್ಕರೆ ಬಿಡಿಸಿ ಎಷ್ಟೋ ವರ್ಷ ಆಯ್ತು. ಬಾಗಿಲು ಹಾಕಿ, ನಿಂತಲ್ಲೇ ಅದನ್ನಷ್ಟೂ ತಿಂದೆ. ಆಮೇಲೆ ಡಬ್ಬಿ ತೊಳೆದು, ನಾಳೆಗೆ ಬೇಳೆ ಇದೆಯಾ ಅಂತ ನೋಡಿದೆ.