ಬಿಚ್ಚಿಟ್ಟ ಫಿಲ್ಟರ್

ಮೇಡ್ಲೇರಿಯ ಮಾಲತೇಶಪ್ಪನ ಕಣದಲ್ಲಿ ಟ್ರ್ಯಾಕ್ಟರು ಮತ್ತೆ ಬಿಕ್ಕತೊಡಗಿತು. ಹೊಗೆಕೊಳವೆಯಿಂದ ಕರ್ರಗಿನ ಹೊಗೆ ಭುಸ್ಸೆಂದು ಎದ್ದಿತು. ಅದರ ಹಿಂದೆ ಜೋಡಿಸಿದ್ದ ರಾಶಿ ಮಷಿನ್ನಿನ ಗದ್ದಲ ಒಮ್ಮೆಲೇ ಕುಗ್ಗಿ, ಬಾಯಿಗೆ ಸುರಿದಿದ್ದ ಗೋವಿನಜೋಳದ ತೆನೆಗಳು ಅರ್ಧಂಬರ್ಧ ನುರಿದು ಒಳಗೇ ಕಚ್ಚಿಕೊಂಡವು. ಕಾಳು ತುಂಬುತ್ತಿದ್ದ ನಿರ್ಮಲಾ ಮುಖಕ್ಕೆ ಸುತ್ತಿದ್ದ ಟವೆಲ್ ಕಿತ್ತು, "ಬಂದ್ ಮಾಡೋ, ಬಂದ್ ಮಾಡು!" ಎಂದು ಕೂಗಿದಳು.

ತಮ್ಮ ಕಿರಣಕುಮಾರ ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದ. ಬಾನೆಟ್ಟಿನ ಪಕ್ಕದ ಡಬ್ಬಿಯ ಮುಚ್ಚಳ ಬಿಚ್ಚಿ ಏರ್ ಫಿಲ್ಟರನ್ನು ಹೊರಗೆಳೆದ. ಮಡಿಕೆ ಮಡಿಕೆಯಾದ ಕಾಗದ ಕಾಣದಂತೆ ರವದಿಯ, ಅಂದರೆ ತೆನೆಯ ಒಣ ಸಿಪ್ಪೆಯ, ಧೂಳು ಮೆತ್ತಿತ್ತು. ಅವನು ಅದನ್ನು ದೊಡ್ಡ ಗಾಲಿಗೆ ಪಟಪಟನೆ ಬಡಿಯತೊಡಗಿದ.

"ಹಂಗ ಬಡೀಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕೋ? ಕಾಗದ ಹರೀತೈತಿ."

"ಬಡೀಲಿಲ್ಲಂದ್ರ ಇದಕ್ಕ ಉಸಿರಾಡಾಕ ಆಗವಲ್ದು ಅಕ್ಕಾ. ಮುಂಜಾನಿಂದ ಹಿಂಗ ಸಾಯಾಕತ್ತೈತಿ. ಮ್ಯಾಲ ನೋಡಲ್ಲೆ ಒಂದಿಷ್ಟು."

ನಿರ್ಮಲಾ ನೋಡಿದಳು. ಹೊಳೆಯ ಆಚೆ ಮೋಡ ಕಟ್ಟುತ್ತಿತ್ತು. ಚೈತ್ರದ ಅಡ್ಡಮಳೆಗೆ ಹೇಳದೆ ಕೇಳದೆ ಬರುವ ಚಾಳಿ. ಕಣದ ತುಂಬ ತೆನೆ, ತೆನೆಯ ಪಕ್ಕ ಆಳೆತ್ತರದ ಒಣ ರವದಿ, ಅದರ ಮುಂದೆ ಬಯಲಲ್ಲೇ ಬಿದ್ದ ಕಾಳು. ಮಾಲತೇಶಪ್ಪನ ತಾಯಿ ಮಂಗಳವ್ವ ಕಾಳಿನ ರಾಶಿಯ ಬುಡದಲ್ಲಿ ಕುಳಿತು ಮೋಡವನ್ನೂ ಇವರಿಬ್ಬರನ್ನೂ ಸರದಿಯ ಮೇಲೆ ನೋಡುತ್ತಿದ್ದಳು.

"ತೊಯ್ದ್ರ ಬೂಸರ ಹಿಡೀತೈತಿ ಯವ್ವಾ," ಎಂದಳು ಮುದುಕಿ. "ಏನರ ಮಾಡ್ರಿ."

ಅಕ್ಕ ತಮ್ಮ ಇಬ್ಬರೂ ಕುಪ್ಪೇಲೂರಿನವರು. ಟ್ರ್ಯಾಕ್ಟರು ಕಿರಣನದು, ರಾಶಿ ಮಷಿನ್ನು ನಿರ್ಮಲಾಳದು. ಅವಳ ಗಂಡ ಶಂಭುಲಿಂಗ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಸುಗ್ಗಿ ಬಂತೆಂದರೆ ಅವಳು ಸೀರೆಯ ಮೇಲೆ ಅವನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ತಮ್ಮನ ಜೊತೆ ಊರೂರು ತಿರುಗುವಳು. ಓಡಿಸುವುದು ಅವನ ಕೆಲಸ, ಎಣ್ಣೆ, ಬೆಲ್ಟು, ಫಿಲ್ಟರು ನೋಡಿಕೊಳ್ಳುವುದು ಅವಳ ಪಾಲು. ಈ ಹಂಚಿಕೆಯಲ್ಲೇ ಅವರ ಜಗಳವೂ ಇತ್ತು. ಅವನಿಗೆ ಎಂಜಿನ್ನು ಓಡಬೇಕು, ಅವಳಿಗೆ ಅದು ಉಳಿಯಬೇಕು.

ಹೋದ ವಾರ ಐರಣಿಯಲ್ಲಿ ಹೀಗೇ ಆಗಿತ್ತು. ರಾಶಿಗೆ ಜನ ಸಾಲುಗಟ್ಟಿದ್ದರು. ಕಿರಣ ಅವಳನ್ನು ಕೇಳದೆ ಫಿಲ್ಟರು ತೆಗೆದಿಟ್ಟು ಓಡಿಸಿದ. ಗಾಳಿ ಸಲೀಸಾಗಿ ಸಿಕ್ಕ ಎಂಜಿನ್ನು ಹೋರಿಯಂತೆ ನುಗ್ಗಿತು, ಸಂಜೆಯೊಳಗೆ ಕಣಗಳೆಲ್ಲ ಖಾಲಿಯಾದವು. ಗಿಡದ ಕೆಳಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಫಿಲ್ಟರು ನಿರ್ಮಲಾಳ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಅವಳು ಸುಮ್ಮನಿದ್ದಳು. ಮರುದಿನ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಬಳಿ ಎಣ್ಣೆ ಜಿನುಗಿದ್ದನ್ನು ಕಂಡು, ಅರಿವೆಯಿಂದ ಒರೆಸಿ, ಆಗಲೂ ಸುಮ್ಮನಾದಳು.

ಈಗ ಸುಮ್ಮನಿರಲು ಅವಳಿಗೆ ಧೈರ್ಯವಾಗಲಿಲ್ಲ.

"ಹೊಸಾದು ತರ್ತೇನಿ," ಎಂದು ಸ್ಕೂಟಿಯ ಕೀಲಿ ತೆಗೆದುಕೊಂಡಳು. "ಅಲ್ಲೀತನ ಹಳೇದ ಹಾಕ್ಕೊಂಡು ಸಾವಕಾಶ ಹೊಡಿ. ಅದನ್ನ ಬಿಚ್ಚಿಟ್ಟು ಮಾತ್ರ ಓಡಸಬ್ಯಾಡ. ಖರೇ ಹೇಳು, ಓಡಸೂದಿಲ್ಲಲ್ಲ?"

"ಇಲ್ಲ, ಹೋಗ್ ಬಾ," ಎಂದ ಕಿರಣ. ಅವನ ಕಣ್ಣು ಮೋಡದ ಮೇಲಿತ್ತು.

ಮಾದರಿಗೆಂದು ಹಿಂದೆ ತೆಗೆದುಹಾಕಿದ್ದ ಒಂದು ಫಿಲ್ಟರನ್ನು ಚೀಲಕ್ಕೆ ತುರುಕಿಕೊಂಡು ಅವಳು ಹೊರಟಳು. ರಾಣೇಬೆನ್ನೂರಿನ ಅಂಗಡಿಗಳಲ್ಲಿ ಸುಗ್ಗಿಗೆ ಎಲ್ಲ ಖರ್ಚಾಗಿತ್ತು. ಹಾವೇರಿಗೆ ಫೋನ್ ಮಾಡಿದರೆ, "ನಾಳಿ ಬರ್ತಾವ್ರಿ" ಎಂಬ ಉತ್ತರ. ಕೊನೆಗೆ ಬ್ಯಾಡಗಿಯ ರಹಿಮತಬಿಯ ಅಂಗಡಿಯಲ್ಲಿ ಇದೆಯೆಂದು ಗೊತ್ತಾಗಿ ಸ್ಕೂಟಿಯನ್ನು ಅತ್ತ ತಿರುಗಿಸಿದಳು.

ಬ್ಯಾಡಗಿ ಮುಟ್ಟುವ ಮೊದಲೇ ಮೂಗು ಉರಿಯತೊಡಗಿತು. ಮೆಣಸಿನಕಾಯಿಯ ಲಾರಿಗಳು ರಸ್ತೆ ಹಿಡಿದು ನಿಂತಿದ್ದವು, ಗಾಳಿಗೆಲ್ಲ ಘಾಟು. ಟವೆಲ್ಲನ್ನು ಎರಡು ಪದರ ಮಾಡಿ ಕಟ್ಟಿಕೊಂಡಳು. ಘಾಟು ಕಡಿಮೆಯಾಯಿತು, ಆದರೆ ಗಾಳಿ ಸಾಲದೆ ಏದುಸಿರು ಬಿಟ್ಟಳು. ಕೆಮ್ಮುತ್ತಲೇ ಅಂಗಡಿ ಹೊಕ್ಕಳು.

ರಹಿಮತಬಿ ಹಳೆಯ ಫಿಲ್ಟರಿನೊಳಗೆ ಮೊಬೈಲಿನ ಬೆಳಕು ಹಾಕಿ ತಿರುಗಿಸಿ ನೋಡಿದಳು. ಒಂದು ಮಡಿಕೆಯ ಸಂದಿನಿಂದ ಸೂಜಿಮೊನೆಯಷ್ಟು ಬೆಳಕು ಹೊರಗೆ ಬಂತು.

"ಬಡದೀರಿ ಇದನ್ನ."

"ನನ್ನ ತಮ್ಮ."

"ಎಲ್ಲಾರ ತಮ್ಮಂದ್ರೂ ಬಡೀತಾರ," ಎಂದು ರಹಿಮತಬಿ ಎರಡು ಡಬ್ಬಿ ತೆಗೆದಿಟ್ಟಳು. "ಇದು ಹಗೂರ ಐತಿ, ಗಾಳಿ ಛಲೋ ಬಿಡತೈತಿ. ಧೂಳನ್ನೂ ಬಿಡತೈತಿ. ಇದು ಬಿಗಿ. ಧೂಳು ಹಿಡೀತೈತಿ, ಆದ್ರ ಲಗೂ ಕಟ್ಟಿಕೋತೈತಿ. ರಾಶ್ಯಾಗಂತೂ ತಾಸಿಗೊಮ್ಮೆ ತಗದು ಗಾಳಿ ಹೊಡೀಬೇಕು. ಎರಡೂ ಕೂಡಿ ಇರೂವಂಥಾದ್ದು ನನ್ನ ಹಂತ್ಯಾಕಂತೂ ಇಲ್ಲ."

ನಿರ್ಮಲಾ ಬಿಗಿಯಾದದ್ದನ್ನೇ ಆರಿಸಿ, ತಮ್ಮನಿಗೆ ಫೋನ್ ಹಚ್ಚಿದಳು. ಬಹಳ ಹೊತ್ತಿನ ಮೇಲೆ ಅವನು ಎತ್ತಿದ.

"ಅಕ್ಕಾ, ಹುಲಿ ಓಡಿದಂಗ ಓಡಾಕತ್ತೈತಿ! ಇನ್ನ ಅರ್ಧ ಉಳದೈತಿ, ಅಷ್ಟ!"

ಅವನ ಮಾತಿನ ಹಿಂದೆ ಎಂಜಿನ್ನಿನ ಸದ್ದಿತ್ತು. ಅದರ ಮೇಲೊಂದು ಸಣ್ಣ ಸಿಳ್ಳು. ಆ ಸಿಳ್ಳು ಅವಳಿಗೆ ಹೊಸದು.

"ಕಿರಣ್ಯಾ, ಫಿಲ್ಟರ್ ಒಳಗೈತೇನು?"

ಅವನು ಮಾಲತೇಶಪ್ಪನಿಗೆ ತೆನೆ ಸುರಿಯಲು ಕೂಗಿದ.

"ಒಳಗೈತೇನೋ?"

"ಮಳಿ ಬಂದ್ರ ಎಲ್ಲಾ ಹೋಗ್ತಿತ್ತಕ್ಕಾ. ಡಬ್ಬಿನ ಬಿಚ್ಚಿಟ್ಟೇನಿ. ಲಗೂ ಬಾ," ಎಂದವನೇ ಫೋನಿಟ್ಟ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

ಬ್ಯಾಡಗಿಯಿಂದ ರಾಣೇಬೆನ್ನೂರು, ಅಲ್ಲಿಂದ ಮೇಡ್ಲೇರಿ. ಆ ದಾರಿ ಅಷ್ಟು ಉದ್ದವೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಎದುರುಗಾಳಿ ಎದ್ದಿತ್ತು. ರಸ್ತೆಯ ಮಣ್ಣು ಕಣ್ಣಿಗೆ ಹೊಡೆಯುತ್ತಿತ್ತು. ಇದೇ ಮಣ್ಣು, ಇದೇ ರವದಿ ಈಗ ಅಡೆತಡೆಯಿಲ್ಲದೆ ಎಂಜಿನ್ನಿನ ಹೊಟ್ಟೆಗೆ ಹೋಗುತ್ತಿದೆ ಎಂದುಕೊಂಡಳು. ಟರ್ಬೊದ ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತವೆ, ಒಂದು ಹರಳು ಸಾಕು. ಐರಣಿಯಲ್ಲಿ ಒರೆಸಿದ ಎಣ್ಣೆಯ ಜಿಡ್ಡು ಇನ್ನೂ ಬೆರಳಿಗೆ ಅಂಟಿಕೊಂಡಂತೆ ಭಾಸವಾಯಿತು.

ಊರ ಹೊರಗಿನ ತಿರುವಿನಲ್ಲೇ ಸದ್ದು ಕೇಳಿಸಿತು. ಅದು ರಾಶಿ ಮಾಡುವ ಸದ್ದಾಗಿರಲಿಲ್ಲ. ಎಂಜಿನ್ನು ಏರು ದನಿಯಲ್ಲಿ ಕಿರುಚುತ್ತಿತ್ತು, ಏರುತ್ತಲೇ ಇತ್ತು. ಕಣದ ಮೇಲೆ ನೀಲಿಬಿಳುಪು ಹೊಗೆ ಕವಿದಿತ್ತು. ಜನ ಹೊಲದ ಕಡೆ ಓಡುತ್ತಿದ್ದರು. ನಿರ್ಮಲಾ ಸ್ಕೂಟಿಯನ್ನು ನೆಲಕ್ಕೆ ಕೆಡವಿ ಎದುರುಮುಖವಾಗಿ ಓಡಿದಳು.

ರಾಶಿ ಮಷಿನ್ನು ನೆಲ ಬಿಟ್ಟು ಜಿಗಿಯುತ್ತಿತ್ತು. ಕಿತ್ತ ಬೆಲ್ಟೊಂದು ಏಣಿಯ ಪಕ್ಕ ಚಾಟಿಯಂತೆ ಬೀಸುತ್ತಿತ್ತು. ಮೇಲೆ ನಿಂತು ತೆನೆ ಸುರಿಯುತ್ತಿದ್ದ ಮಾಲತೇಶಪ್ಪ ಇಳಿಯಲು ದಾರಿಯಿಲ್ಲದೆ ಕಬ್ಬಿಣದ ಅಂಚನ್ನು ತಬ್ಬಿ ಬೋರಲಾಗಿದ್ದ. ಅವನ ಕಾಲಿನ ಪಕ್ಕದಲ್ಲೇ ತೆನೆ ನುಂಗುವ ಬಾಯಿ.

ಟ್ರ್ಯಾಕ್ಟರಿನ ಮೇಲೆ ಕಿರಣ ಕೀಲಿಯನ್ನು ಕೈಯಲ್ಲಿ ಹಿಡಿದು ಅಳುವವನಂತೆ ಕೂಗಿದ: "ಕೀಲಿ ಕಿತ್ತೇನಿ ಅಕ್ಕಾ! ಡೀಸೆಲ್ ಬಂದ್ ಮಾಡೇನಿ! ನಿಲ್ಲವಲ್ದು!"

ಅವಳಿಗೆ ಅರ್ಥವಾಯಿತು. ಟರ್ಬೊ ಒಡೆದು ಎಂಜಿನ್ನು ತನ್ನ ಒಡಲಿನ ಎಣ್ಣೆಯನ್ನೇ ಹೀರಿ ಉರಿಸುತ್ತಿತ್ತು. ಇನ್ನು ಅದಕ್ಕೆ ಕೀಲಿಯ ಹಂಗಿರಲಿಲ್ಲ.

"ಮಷಿನ್ನಿನ ಶಾಫ್ಟ್ ಬಿಡಸೋ!"

"ಬಿಡಿಸಿದ್ರ ಭಾರ ತಪ್ಪತೈತಿ, ಎಂಜಿನ್ ಸಿಡೀತೈತಿ!"

"ಸಿಡೀಲಿ! ಮನಷಾ ಮ್ಯಾಲದಾನ ಅಲ್ಲಿ!"

ಕಿರಣ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕ್ಲಚ್ ತುಳಿದು ಲಿವರ್ ಎಳೆದ. ರಾಶಿ ಮಷಿನ್ನು ಗೊರಗೊರ ಎನ್ನುತ್ತ ನಿಧಾನವಾಯಿತು. ಮಾಲತೇಶಪ್ಪ ಹಿಂಬದಿಯ ಕಾಳಿನ ರಾಶಿಯ ಮೇಲೆ ಧುಮುಕಿ, ಎದ್ದು ಕುಂಟುತ್ತ ತಾಯಿಯನ್ನು ಎಳೆದುಕೊಂಡು ದೂರ ಸರಿದ. ಆದರೆ ಭಾರ ಕಳಚಿದ ಎಂಜಿನ್ನು ಮತ್ತೂ ಮೇಲಿನ ದನಿಗೆ ಏರಿತು. ಹೊಗೆಕೊಳವೆಯ ಬಾಯಲ್ಲಿ ಕಿಡಿಗಳು ಕಾಣಿಸಿಕೊಂಡವು. ಗಾಳಿ ಆ ಕಿಡಿಗಳನ್ನು ಒಣ ರವದಿಯ ಕಡೆಗೇ ಒಯ್ಯುತ್ತಿತ್ತು. ರವದಿಗೆ ಹತ್ತಿದರೆ ಕಣ, ಕಣದ ಆಚೆ ದನದ ಕೊಟ್ಟಿಗೆ, ಅದರ ಆಚೆ ಮನೆ.

ವಾರವಿಡೀ ಈ ಎಂಜಿನ್ನು ಕಣ್ಣೆದುರೇ ಗಾಳಿಯಿಲ್ಲದೆ ಸತ್ತದ್ದನ್ನು ನಿರ್ಮಲಾ ಕಂಡಿದ್ದಳು. ಬೇಡವೆಂದಾಗಲೆಲ್ಲ ಅದರ ಗಾಳಿಯ ದಾರಿ ಕಟ್ಟಿಕೊಳ್ಳುತ್ತಿತ್ತು. ಈಗ ಆ ದಾರಿಯನ್ನು ತಾನೇ ಕಟ್ಟಬೇಕಿತ್ತು.

"ಗಾಳಿ ಮುಚ್ಚಬೇಕೋ! ಬಾಯಿ ಎಲ್ಲೈತಿ?"

ಡಬ್ಬಿ ಬಿಚ್ಚಿದ ಜಾಗದಲ್ಲಿ ಗಾಳಿ ಎಳೆಯುವ ರಬ್ಬರಿನ ಕೊಳವೆ ಬಾಯಿ ತೆರೆದು ನಿಂತಿತ್ತು. ಸುತ್ತಲಿನ ಧೂಳೆಲ್ಲ ಸುಳಿಯಾಗಿ ಅದರೊಳಗೆ ಹೋಗುತ್ತಿತ್ತು. ಕಿರಣ ಅಂಗಿ ಬಿಚ್ಚಿ ಮುದ್ದೆ ಮಾಡಿ ಅದಕ್ಕೆ ಒತ್ತಿದ. ಕೊಳವೆ ಅಂಗಿಯನ್ನು ಅವನ ಕೈಯಿಂದ ಕಸಿದು ಒಳಗೆಳೆದುಕೊಂಡಿತು. ಸದ್ದು ಒಂದು ಗಳಿಗೆ ತಗ್ಗಿ, ಬಟ್ಟೆ ಹರಿದ ಸಪ್ಪಳವಾಗಿ, ಮತ್ತೆ ಕಿರುಚಿತು. ಪಕ್ಕದ ಬಿಸಿ ಹೊಗೆಕೊಳವೆಗೆ ತಾಗಿ ಅವನ ಮುಂಗೈಯ ಚರ್ಮ ಸುಲಿಯಿತು. ನೋವಿನ ಅರಿವಿಲ್ಲದೆ ಅವನು ಬರಿ ಅಂಗೈಯನ್ನೇ ಮುಂದೆ ಚಾಚಿದ.

"ಕೈ ಇಡಬ್ಯಾಡ! ಬೆರಳ ಹೋಗ್ತಾವ!" ನಿರ್ಮಲಾ ಅವನನ್ನು ಜೋರಾಗಿ ನೂಕಿದಳು.

ಕಾಳಿನ ರಾಶಿಯಲ್ಲಿ ಹಳೆಯ ಟೈರಿನಿಂದ ಮಾಡಿದ ದಪ್ಪ ಪುಟ್ಟಿ ಬಿದ್ದಿತ್ತು. ಅದನ್ನು ಎತ್ತಿ ಕಾಳು ಚೆಲ್ಲಿ, ಚಪ್ಪಟೆ ತಳವನ್ನು ಕೊಳವೆಯ ಬಾಯಿಗೆ ಒತ್ತಿ, ಮೇಲೆ ಎದೆಯನ್ನೇ ಹೇರಿದಳು. ಪುಟ್ಟಿ ಧಪ್ಪನೆ ಕಚ್ಚಿಕೊಂಡಿತು. ಒಳಗಿನ ಎಳೆತಕ್ಕೆ ಜಾರದಂತೆ ಅವಳು ಕಾಲೂರಿ ನಿಂತಳು. ಹಿಂದಿನಿಂದ ಬಂದು ಕಿರಣನೂ ಒತ್ತಿದ. ಇಬ್ಬರ ಮುಖವೂ ಬಾನೆಟ್ಟಿನ ಕಾವಿಗೆ ಹತ್ತಿರವಿತ್ತು. ಸಿಡಿದರೆ ಇಬ್ಬರೂ ಒಟ್ಟಿಗೇ ಎಂಬ ಮಾತು ಅವಳ ತಲೆಯಲ್ಲಿ ಸುಳಿದು ಹೋಯಿತು. ಕಣ್ಣು ಮುಚ್ಚಿದಳು.

ಕಿರುಚಾಟ ಒಡೆಯಿತು. ಎಂಜಿನ್ನು ತಡವರಿಸಿ, ಇಡೀ ಟ್ರ್ಯಾಕ್ಟರನ್ನು ಒಮ್ಮೆ ಕುಲುಕಿ, ನಿಂತಿತು.

"ರವದಿ! ರವದಿ ನೋಡ್ರಿ!" ಎಂದು ಮಂಗಳವ್ವ ಕೂಗಿದಾಗಲೇ ಅವರಿಗೆ ಲೋಕ ಮತ್ತೆ ಕೇಳಿಸಿದ್ದು. ರವದಿಯ ತುದಿಯಲ್ಲಿ ಹೊಗೆಯಾಡುತ್ತಿತ್ತು. ಓಡಿಹೋಗಿದ್ದವರು ಕೊಡ ಹಿಡಿದು ತಿರುಗಿ ಬಂದರು. ದನದ ತೊಟ್ಟಿಯ ನೀರು ಸುರಿದು, ಮಣ್ಣು ಎರಚಿ, ಹತ್ತಿದ ಭಾಗವನ್ನು ಕಾಲಿನಿಂದ ತುಳಿದರು. ಅದು ಆರುವಷ್ಟರಲ್ಲಿ ಮಳೆಯ ಹನಿ ಬಿತ್ತು. ಎಲ್ಲರೂ ರಾಶಿಯ ಮೇಲೆ ತಾಡಪಲ್ಲಿ ಎಳೆದು ಹೊದಿಸಿದರು, ಆದರೂ ಕಾಳಿನ ಒಂದು ಮಗ್ಗುಲು ತೊಯ್ದೇ ಹೋಯಿತು.

ಮಳೆ ನಿಂತ ಮೇಲೆ ಮಾಲತೇಶಪ್ಪನ ಪಡಸಾಲೆಯಲ್ಲಿ ಅಕ್ಕ ತಮ್ಮ ಕುಳಿತಿದ್ದರು. ಕಿರಣನ ಮುಂಗೈಗೆ ಮುಲಾಮು ಹಚ್ಚಿತ್ತು.

"ನೀ ಐರಣ್ಯಾಗ ನೋಡಿದ್ದಿ," ಎಂದ ಅವನು, ತಲೆ ಎತ್ತದೆ. "ಗಿಡದ ಬುಡಕ್ಕ ಫಿಲ್ಟರ್ ಇಟ್ಟದ್ದು. ನೋಡಿ ಸುಮ್ಮನಾದಿ. ಅದಕ್ಕ ನಾ ತಿಳಕೊಂಡೆ, ಅಕ್ಕಗೂ ಒಪ್ಪಿಗಿ ಐತಿ ಅಂತ."

ನಿರ್ಮಲಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಹೌದು, ನೋಡಿದ್ದೆ. ಕೆಲಸ ಮುಗೀಲಿ ಅಂತ ನನಗೂ ಇತ್ತು."

ಮಾಲತೇಶಪ್ಪ ಕುಂಟುತ್ತ ಬಂದು ಚಹಾದ ಲೋಟ ಇಟ್ಟ. ಅವನು ಬಯ್ಯುವನೆಂದು ಇಬ್ಬರೂ ಕಾದರು. "ನಾನೂ ಮೋಡ ತೋರಿಸಿ ಅವಸರ ಮಾಡಿದ್ನಿ," ಎಂದಷ್ಟೇ ಹೇಳಿ ಅವನು ಒಳಗೆ ಹೋದ.

ಮರುದಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದ. ಟರ್ಬೊದ ರೆಕ್ಕೆಗಳು ಇಲಿ ಕಡಿದಂತಾಗಿದ್ದವು, ಸಿಲಿಂಡರಿನ ಗೋಡೆಗಳಲ್ಲಿ ಗೀರು. ಈ ಸುಗ್ಗಿ ಅವರ ಪಾಲಿಗೆ ಮುಗಿದಿತ್ತು. ಉಳಿದ ತೆನೆಗೆ ಬೇರೆ ಮಷಿನ್ನು ಕರೆಯಲು ಕಿರಣ ತಾನೇ ಐರಣಿಗೆ ಹೋಗಿ ಬಂದ. ರಾಶಿ ಹಿಡಿಯುವುದರಲ್ಲಿ ತಾನು ಸದಾ ಹಿಂದಿಕ್ಕುತ್ತಿದ್ದ ಅಲ್ಲಿಯ ಮಷಿನ್ನಿನವನ ಮುಂದೆ ನಿಂತು ಕೇಳುವುದು ಅವನಿಗೆ ಸುಲಭವಾಗಿರಲಿಲ್ಲ.

ಬಿಸಿಲು ಬಿದ್ದಾಗ ತೊಯ್ದ ಕಾಳನ್ನು ಅಂಗಳದಲ್ಲಿ ಹರವಿದರು. ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಕಿರಣ ಅಡಿಯದು ಮೇಲೆ ಬರುವಂತೆ ಕಾಲಿನಿಂದ ಕಾಳು ಎಳೆಯುತ್ತ ನಡೆಯತೊಡಗಿದ.

"ನೀ ಮನಿಗೆ ಹೋಗೋ, ನಾ ಮಾಡ್ತೇನಿ," ಎಂದಳು ನಿರ್ಮಲಾ.

"ಇರ್ಲಿ ಬಿಡು," ಎಂದ ಅವನು.

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಾಳಿಗಿಳಿದಳು. ಮೇಲೆ ಬೆಚ್ಚಗಿದ್ದರೂ ಒಳಗಿನ ಕಾಳು ಇನ್ನೂ ತಣ್ಣಗಿತ್ತು. ಮಂಗಳವ್ವ ಕಟ್ಟೆಯ ಮೇಲೆ ಕುಳಿತು, ಎಲ್ಲಿ ದಪ್ಪಗೆ ಉಳಿದಿದೆಯೆಂದು ಕೋಲಿನಿಂದ ತೋರಿಸುತ್ತಿದ್ದಳು. ಇಬ್ಬರೂ ಸಾಲು ಹಿಡಿದು ಅತ್ತ ನಡೆದರು.